ಮುತ್ಯಾ ಹಾಕ್ಕೊಂಡ ಕುಂಚಿಗಿ

ಪುಣ್ಯಾದ ಕೆಲಸಕ್ಕ ಅಂತ ಹತ್ತು ಮಂದಿ ಹೆಂಗಸರು ಒಂದ ಕಡೆ ಕೂತ್ರಂದ್ರ, ಅಲ್ಲಿ ನಗೂವಂಥದ್ದು ಏನರ ಒಂದು ಆಗದ ಇರೂದಿಲ್ಲ. ನಾವೇನು ಅದನ್ನ ಕರಿಯಾಕ ಹೋಗೂದಿಲ್ಲ. ತಾನ ಬಂದು ನಮ್ಮ ನಡುವ ಜಾಗಾ ಮಾಡ್ಕೊಂಡು ಕೂತಿರ್ತೈತಿ. ನಕ್ಕೊಂತ ಕೆಲಸ ಮಾಡಿದ್ವೋ, ಕೆಲಸ ಮಾಡ್ಕೊಂತ ನಕ್ವೋ, ಈಗ ನೆನಸಿಕೊಂಡ್ರ ನನಗೂ ಬಗೀ ಹರಿಯೂದಿಲ್ಲ.

ಆವಾಗ ನಾವು ದಾಂಡೇಲಿಯ ಅಂಬೇವಾಡ್ಯಾಗ ಇದ್ವಿ. ಕಾಗದದ ಮಿಲ್ಲು ಸುರುವಾಗಿ ನಾಕೈದು ವರ್ಷ ಆಗಿತ್ತು. ನಮ್ಮ ಮನಿಯವ್ರಿಗೆ ಅಲ್ಲೇ ಕೆಲಸ. ನಮ್ಮ ಮನಿ ಸಾಲಿನಾಗ ಇದ್ದವರೆಲ್ಲಾ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರ. ಸೋಮವಾರ ಮಧ್ಯಾಹ್ನ ಗಂಡಸರು ಪಾಳಿಗೆ ಹೋದ ಮ್ಯಾಲೆ ನಮ್ಮ ಮನ್ಯಾಗ ಭಜನಿ. ನಮ್ಮ ಮನ್ಯಾಗ ಯಾಕಂದ್ರ, ಇಡೀ ಸಾಲಿಗೆ ಹೊಲಿಗಿ ಮಷೀನು ಇದ್ದದ್ದು ನನ್ನ ಹತ್ರ ಒಂದ. ಭಜನಿಗೆ ಅಂತ ಬಂದವರೆಲ್ಲಾ ಕೈಯಾಗ ಒಂದೊಂದು ಹರದ ಜಂಪರು ಹಿಡಕೊಂಡ ಬರ್ತಿದ್ರು. ನಾ ಅರ್ಧಾ ಭಜನಿ ಮಷೀನು ತುಳಕೊಂತ ಹಾಡೇನಿ.

ಒಂದು ಸೋಮವಾರ ಹೆರಿಗಿ ನರ್ಸಬಾಯಿ ಬಂದ್ರು. ಹಳಿಯಾಳದ ಹಾದಿಯಿಂದ ಹಿಡದು ಜೋಯಿಡಾ ಕಾಡಿನ ತನಕ ಸೈಕಲ್ ಮ್ಯಾಲೆ ತಿರುಗಿ ಹಡಿಸಿ ಬರೂವಾಕಿ. ವಯಸ್ಸು ಇನ್ನೂ ಮೂವತ್ತಾಗಿದ್ದಿಲ್ಲ, ಸಿಟ್ಟು ಮಾತ್ರ ಅರವತ್ತರದ್ದು. ಭಜನಿ ಮುಗಿಯೂ ತನಕ ಸುಮ್ನ ಕೂತು, ಆಮ್ಯಾಲೆ ಮಾತು ತಗದ್ರು. ಹಳ್ಳ್ಯಾಗ ಹುಟ್ಟಿದ ಕೂಸನ್ನ ಕೈಗೆ ಸಿಕ್ಕ ಹರಕ ಅರಿವ್ಯಾಗ ಸುತ್ತಿಬಿಡ್ತಾರ, ಆ ಅರಿವಿ ಹಿಂದಿನ ದಿನ ಏನು ಒರಸಿತ್ತೋ ದೇವರಿಗೇ ಗೊತ್ತು, ಮಳಿಗಾಲದ ಥಂಡಿ ಬ್ಯಾರೆ, ಎಷ್ಟೋ ಕೂಸು ಒಂದು ವಾರ ದಾಟೂದಿಲ್ಲ ಅಂದ್ರು. ಕೂಸಿಗೊಂದರಂತೆ ಸ್ವಚ್ಛ ಗಂಟು ಬೇಕು: ಒಂದು ಕುಂಚಿಗಿ, ಎರಡು ಅಂಗಿ, ಹೊದಿಸಾಕ ಒಂದು ಮೆತ್ತನ್ನ ದುಪಟಿ. ಕುಂಚಿಗಿ ಅಂದ್ರ ತಲಿಗೆ ಟೊಪಿಗಿ, ಹಿಂದ ಬೆನ್ನು ಮುಚ್ಚೂ ಹಂಗ ಇಳಿಬಿಟ್ಟ ಸೆರಗು, ಗದ್ದದ ಕೆಳಗ ಕಟ್ಟಾಕ ಎರಡು ಲಾಡಿ. ನಮ್ಮ ಕಡೆ ಅದಿಲ್ಲದ ಕೂಸು ಹೊರಗ ಬರೂದಿಲ್ಲ.

ಎದ್ದು ಹೋಗೂ ಮುಂದ ನರ್ಸಬಾಯಿ ಒಂದು ಮಾತು ಹೇಳಿದ್ರು. ಹಳಿಯಾಳದ ಹಾದ್ಯಾಗಿನ ಒಂದು ಹಳ್ಳ್ಯಾಗ ಒಕ್ಕಲತನದ ಮನಿ ಸೊಸಿ. ಎರಡು ಕೂಸು ಹಡದಾಳ, ಎರಡೂ ವಾರದೊಳಗ ಹೋದ್ವು. ಈಗ ಮೂರನೇದು, ಶ್ರಾವಣದಾಗ ಹಡೀತಾಳ. "ಇದೊಂದರ ಉಳೀಬೇಕ್ರಿ ಅಕ್ಕಾರ" ಅಂದ್ರು. ಅವತ್ತ ನಾವು ಹನ್ನೊಂದು ಮಂದಿ ಹೊಲ್ಯಾಕ ಕೂತ್ವಿ.

೧. ಅಳತಿ ಚಟ್ನಿ ಆದದ್ದು

ಕೂತ್ವಿ ಖರೆ, ಕುಂಚಿಗಿ ಎಷ್ಟು ದೊಡ್ಡದು ಮಾಡೂದು? ನಾಕು ಮನಿ ಆಚೆ ಎಂಟು ದಿನದ ಕೂಸಿತ್ತು. ಆದ್ರ ಹುಟ್ಟಿದ ಕೂಸಿಗೆ ಟೇಪು ಹಿಡೀಬಾರ್ದು, ಅಳದ್ರ ಬೆಳವಣಿಗಿ ನಿಂದರತೈತಿ ಅಂತ ನಮ್ಮಲ್ಲಿ. ಹಿಂಗಾಗಿ ಹಡದವರೆಲ್ಲಾ ತಮ್ಮ ತಮ್ಮ ಕೂಸಿನ ತಲಿ ನೆನಸಿಕೊಂಡು ಎರಡೂ ಕೈಲೆ ಗಾಳಿಯೊಳಗ ಅಳತಿ ತೋರಸಾಕ ಹತ್ತಿದ್ರು. ಒಬ್ಬಾಕಿದು ನಿಂಬಿಹಣ್ಣಿನಷ್ಟು, ಇನ್ನೊಬ್ಬಾಕಿದು ಕುಂಬಳಕಾಯಿಯಷ್ಟು. ಕಡೀಕ ನನಗ ಹೊಳೀತು. ದೇವರ ಮುಂದ ಇಟ್ಟಿದ್ದ ಸುಲದ ತೆಂಗಿನಕಾಯಿ ತಂದು ನಡುವ ಇಟ್ಟೆ. ಎಲ್ಲಾರೂ ಹಿಂದ ಮುಂದ ತಿರಗಿಸಿ ನೋಡಿ, ಹೌದು, ಇಷ್ಟ ಇರ್ತೈತಿ ಅಂದ್ರು. ಕಾಯಿಗೆ ಕಣ್ಣು ಇದ್ದ ಇರ್ತಾವ, ಮುಂದ ಯಾವುದು ಹಿಂದ ಯಾವುದು ಅಂತ ತೊಡಕೂ ಇದ್ದಿಲ್ಲ. ಆ ವಾರ ಅದರ ಮ್ಯಾಲೆ ಹತ್ತು ಕುಂಚಿಗಿ ಹೊಲದ್ವಿ. ನರ್ಸಬಾಯಿ ನೋಡಿ ಬರೋಬ್ಬರಿ ಐತಿ ಅಂದ್ರು.

ಮುಂದಿನ ಸೋಮವಾರ ಎಲ್ಲಾರೂ ಬಂದು ಕೂತ್ರು, ಅಳತಿ ಇಲ್ಲ. ಇಡೀ ಮನಿ ಹುಡಕಿದೆ. ಹಿಂದಿನ ದಿನ ನಾ ಸಂತಿಗೆ ಹೋದಾಗ ನಮ್ಮ ಮನಿಯವ್ರು ಒಬ್ಬರೇ ಮನ್ಯಾಗ ಇದ್ರು. ಹೊರಗ ಪಾಳಿಗೆ ಹೊಂಟು ನಿಂತಿದ್ದವರನ್ನ ತಡದು, ಅಳತಿ ಎಲ್ಲೈತ್ರಿ ಅಂತ ಕೇಳಿದೆ. ಯಾವ ಅಳತಿ ಅಂದ್ರು. ತೆಂಗಿನಕಾಯಿ ಅಂದೆ. ಅವ್ರು ತಲಿ ಕೆರಕೊಂಡು, ಅದು ನಿನ್ನಿನ ಚಟ್ನಿ ಆಗಿತ್ತಲ್ಲ, ನೀನೂ ಎರಡು ಸಲ ಹಾಕಿಸಿಕೊಂಡಿ ಅಂದ್ರು.

ನಮ್ಮ ಭಜನಿ ಮಂಡಳಿ ಅಧ್ಯಕ್ಷರು ಬಂಗೂರನಗರದಾಗ ಇದ್ದ ಮಿಲ್ಲಿನ ಸಾಹೇಬ್ರ ಹೆಂಡ್ತಿ. ಹೊಸಾ ಮಲಮಲ್ ಅರಿವಿ ಎಲ್ಲಾ ಅವರೇ ಕೊಡಿಸಿದ್ದು. ಅವ್ರು, ಅದಕ್ಕೇನಾತು, ನಮ್ಮ ಮನ್ಯಾಗ ಕಾರವಾರದ ಕಾಯಿ ಐತಿ ಅಂತ ತರಿಸಿದ್ರು. ಅದು ಸಿಪ್ಪಿ ಸಮೇತದ ಕಾಯಿ. ನನಗ ನೋಡಿದ ಕೂಡ್ಲೇ ಅನಮಾನ ಬಂತು. ಆದ್ರ ಅಧ್ಯಕ್ಷರ ಕಾಯಿಗೆ ಯಾರು ಏನನ್ನೂದು? ನಮ್ಮ ಗಂಡಂದಿರಿಗೆಲ್ಲಾ ಅವರ ಯಜಮಾನ್ರೇ ಸಾಹೇಬ್ರು. ಬಾಯಿ ಮುಚ್ಚಿಕೊಂಡು ಅದರ ಅಳತಿಗೆ ಏಳು ಕುಂಚಿಗಿ ಹೊಲದ್ವಿ.

ನರ್ಸಬಾಯಿ ಬಂದು ಒಂದನ್ನ ಎತ್ತಿ ನೋಡಿದ್ರು. ತಮ್ಮ ತಲಿಗೆ ಹಾಕ್ಕೊಂಡು ಗದ್ದದ ಕೆಳಗ ಲಾಡಿ ಕಟ್ಟಿದ್ರು. ಬಂಗಾರದಂಗ ಕೂತಿತು. ಆಮ್ಯಾಲೆ ಅಧ್ಯಕ್ಷರ ಕಡೆ ತಿರುಗಿ, "ಇಂಥಾ ತಲಿ ಇರೂ ಕೂಸು ಹುಟ್ಟಿದ್ರ ಹೇಳಿ ಕಳಸ್ರಿ ಬಾಯಾರ, ಹಡಿಸಾಕ ಅಲ್ಲ, ನಮಸ್ಕಾರ ಮಾಡಾಕ ಬರ್ತೇನಿ" ಅಂದ್ರು.

ಆ ಏಳೂ ಕುಂಚಿಗಿ ನನ್ನ ಟ್ರಂಕಿನ ತಳಾ ಸೇರಿದ್ವು.

೨. ಬಡ ದೇಶ

ಸ್ವಲ್ಪ ದಿನದ ಮ್ಯಾಲೆ ನರ್ಸಬಾಯಿ ಒಂದು ದೊಡ್ಡ ಪಾರ್ಸಲ್ ತಂದ್ರು. ಪರದೇಶದಿಂದ ಬಂದಿತ್ತು. ಬಿಚ್ಚಿದ್ರ ಒಳಗ ಉಣ್ಣಿಲೆ ಹೆಣದ ಸಣ್ಣ ಸಣ್ಣ ಕಾಲಚೀಲ. ಕೆಂಪು, ನೀಲಿ, ಹಳದಿ, ಒಂದೊಂದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಅವುಗಳ ಜೋಡಿ ಒಂದು ಚೀಟಿ ಇತ್ತು. ಅಲ್ಲಿನ ವಯಸ್ಸಾದ ಹೆಣ್ಣಮಕ್ಕಳು ಮನ್ಯಾಗ ಕೂತು ಬಡ ದೇಶದ ಕೂಸುಗಳಿಗೆ ಅಂತ ಹೆಣದು ಕಳಿಸ್ಯಾರ ಅಂತ ನರ್ಸಬಾಯಿ ಓದಿ ಹೇಳಿದ್ರು.

ನಮಗ ಕರಳು ಚುರ್ ಅಂತು. ಎಲ್ಲೋ ಹಿಮಾ ಬೀಳೂ ಊರಾಗ ನಮ್ಮಂಥವರೇ ಒಂದಿಷ್ಟು ಮಂದಿ ಹಿಂಗ ಕೂತಾರ, ಯಾರದೋ ಕೂಸಿಗೆ ಅಂತ ಕಣ್ಣು ಕಿರಿದು ಮಾಡ್ಕೊಂಡು ಹೆಣೀತಾರ. ಅಧ್ಯಕ್ಷರು ಕಣ್ಣು ಒರಸಿಕೊಂಡ್ರು. ನಾ ಎದ್ದು ಹೋಗಿ ನಮ್ಮ ಚಲೋ ಅಳತಿ ಕುಂಚಿಗಿ ಐದು ತಂದು ಪಾರ್ಸಲ್ ಮ್ಯಾಲೆ ಇಟ್ಟೆ. ನಮ್ಮದೂ ಇದರಾಗ ಹಾಕಿ ಕಳಸ್ರಿ ಬಾಯಾರ, ಪಾಪ, ಯಾವ ದೇಶೋ ಏನೋ, ಅಲ್ಲಿ ಕೂಸುಗಳಿಗೆ ಆಗಲಿ ಅಂದೆ. ಉಳದವರೂ ಹೌದು ಹೌದು ಅಂದ್ರು.

ನರ್ಸಬಾಯಿ ನನ್ನ ಮುಖಾ ನೋಡಿದ್ರು, ಕುಂಚಿಗಿ ನೋಡಿದ್ರು.

"ಅಕ್ಕಾರ, ಅದು ಬಂದು ಮುಟ್ಟೇತಿ. ಆ ಬಡ ದೇಶ ಇದೇ."

ಬಡವರು ಅಂದ್ರ ನಾವು ಅಂತ ನಮಗ ಆ ತನಕ ಯಾರೂ ಹೇಳಿದ್ದಿಲ್ಲ. ಅಧ್ಯಕ್ಷರೇ ಮೊದಲು ಸುಧಾರಿಸಿಕೊಂಡ್ರು. ಸೆರಗು ಸರಿ ಮಾಡ್ಕೊಂಡು, ಹಂಗಾರ ಚಲೋನ ಆತು, ಟಪಾಲಿಗೆ ಹಾಕೂ ತ್ರಾಸು ತಪ್ಪಿತು ಅಂದ್ರು.

೩. ಕೆಂಪು ಕಾಲಚೀಲ

ಆ ಕಾಲಚೀಲ ನರ್ಸಬಾಯಿ ಹಳ್ಳಿ ಹಳ್ಳಿಗೆ ಹಂಚಿದ್ರು. ತಿಂಗಳಾದ ಮ್ಯಾಲೆ ನಾನೂ ಅವರೂ ಹಳಿಯಾಳದ ಸಂತಿಗೆ ಹೋಗಿದ್ವಿ. ಎದುರಿಗೆ ಒಂದು ಚಕ್ಕಡಿ ಬಂತು. ಬಲಗಡೆ ಎತ್ತಿನ ಎರಡೂ ಕೋಡಿನ ತುದಿಗೆ ಕೆಂಪು ಉಣ್ಣಿ ಕಾಲಚೀಲ. ಎತ್ತು ಬಾಳ ಖುಷಿಲೆ ತಲಿ ಎತ್ತಿಕೊಂಡು ಬರಾಕ ಹತ್ತಿತ್ತು. ಎಡಗಡೆದು ಬರೇ ಕೋಡಿಂದು, ಅದರ ಮುಖಾ ಸಣ್ಣ ಆಗಿತ್ತು ಅಂತ ನನಗನಸ್ತು.

ನರ್ಸಬಾಯಿ ನಡು ರಸ್ತೇದಾಗ ನಿಂತು ಚಕ್ಕಡಿ ತಡದ್ರು. ನಾ ಕೂಸಿಗೆ ಕೊಟ್ಟದ್ದನ್ನ ಎತ್ತಿಗೆ ಹಾಕೀಯಲ್ಲ, ನಿನಗ ನಾಚಿಕಿ ಬ್ಯಾಡೇನು ಅಂತ ದಬಾಯಿಸಿದ್ರು. ಅಂವ ಪಾಪ ಕೆಳಗ ಇಳದು ಕೈಮುಗಿದ. ಸಿಟ್ಟಾಗಬ್ಯಾಡ್ರಿ ಬಾಯಾರ, ನಮ್ಮ ಕೂಸು ಹುಟ್ಟಿದಾಗಿಂದ ಅವರವ್ವನ ಬಗಲಾಗಿಂದ ಕೆಳಗ ಇಳದಿಲ್ಲ, ಅದರ ಕಾಲಿಗೆ ಇನ್ನೂ ಮಣ್ಣು ಗೊತ್ತಿಲ್ಲ, ಈ ನಮ್ಮ ಎತ್ತು ಬಸಣ್ಣ ನೋಡ್ರಿ, ದಿನಾ ಬೆಳಗಾದ್ರ ನಡೀತಾನ ಅಂದ.

ನಡಿಯಾವ ಆದ್ರ ಕಾಲಿಗೆ ಹಾಕಬೇಕಿತ್ತಲ್ಲ, ಕೋಡಿಗೆ ಯಾಕ ಹಾಕಿದಿ ಅಂತ ನರ್ಸಬಾಯಿ ಜೋರು ಮಾಡಿದ್ರು. ಅಂವ ಇನ್ನಷ್ಟು ಸಣ್ಣ ದನಿಲೆ ಅಂದ:

"ನಾಕು ಕಾಲಿಗೆ ನಾಕು ಬೇಕಾಗ್ತಾವಲ್ರಿ. ನೀವು ಕೊಟ್ಟದ್ದು ಎರಡ."

೪. ಬರೋಬ್ಬರಿ ಕೂತದ್ದು

ಎರಡು ಕೂಸು ಕಳಕೊಂಡ ಆ ಸೊಸಿಗೆ ಏಳು ತಿಂಗಳು ತುಂಬಿದಾಗ ನರ್ಸಬಾಯಿ ನನ್ನನ್ನೂ ಅಧ್ಯಕ್ಷರನ್ನೂ ಕರಕೊಂಡು ಅವರ ಹಳ್ಳಿಗೆ ಹೋದ್ರು. ಅಕಿ ಗಂಟು ನಾನ ಹೊಲದಿದ್ದೆ, ಎಲ್ಲಾದಕ್ಕಿಂತ ಸಣ್ಣ ಹೊಲಿಗಿ ಹಾಕಿ. ಅಕಿ ಅತ್ತಿ ಬಾಗಲಿಗೆ ಬಂದು ಕರಕೊಂಡ್ರು. ಎತ್ತರದ ಹೆಣ್ಣಮಗಳು, ಹಣಿ ಮ್ಯಾಲೆ ಮೂರು ಬೆರಳಿನ ವಿಭೂತಿ, ಒಂದ ಮಾತಿನಾಗ ಕೆಲಸ ಮುಗಸೂವಾಕಿ. ನಾವು ಅವರಿಗೆ ಗಟ್ಟಿ ಅತ್ತಿ ಅಂತ ಹೆಸರಿಟ್ವಿ. ರೊಟ್ಟಿ, ಝುಣಕಾ, ಚಹಾ ಎಲ್ಲಾ ಆತು. ಗಂಟನ್ನ ಎರಡೂ ಕೈಲೆ ತಗೊಂಡು ಕಣ್ಣಿಗೆ ಒತ್ತಿಕೊಂಡು ಒಳಗ ಒಯ್ದ್ರು. ಎಷ್ಟು ಭಕ್ತಿ ನೋಡ್ರಿ ಅಂತ ಅಧ್ಯಕ್ಷರು ನನ್ನ ಮಣಕೈಲೆ ತಿವಿದ್ರು.

ಹದಿನೈದು ದಿನದ ಮ್ಯಾಲೆ ಮತ್ತ ಹೋದ್ವಿ. ದೇವರಿಗೆ ಕೈ ಮುಗೀರಿ ಅಂತ ಒಳಗ ಕರದ್ರು. ದೇವರ ಜಗಲಿ ಮ್ಯಾಲೆ ದುಪಟಿ ಹಾಸಿತ್ತು. ಎರಡು ಅಂಗಿ ಎಡಕ ಬಲಕ. ನಡುವ ಕಳಸ, ಕಳಸದ ಮ್ಯಾಲೆ ತೆಂಗಿನಕಾಯಿ, ಕಾಯಿ ತಲಿಗೆ ನನ್ನ ಕುಂಚಿಗಿ, ಲಾಡಿ ಕಟ್ಟಿ. ಗಟ್ಟಿ ಅತ್ತಿ ನನ್ನ ಕಡೆ ತಿರುಗಿ, ನೀವು ದೇವರಂಥ ಹೆಣ್ಣಮಕ್ಕಳ್ರಿ, ಹೆಂಗ ಕೂತೈತಿ ನೋಡ್ರಿ, ಕಾಯಿ ಅಳತಿ ತಗೊಂಡ ಹೊಲದಂಗ ಐತಿ ಅಂದ್ರು.

ಅಧ್ಯಕ್ಷರಿಗೆ ಕೆಮ್ಮು ಬಂತು. ನಾ ನೆಲಾ ನೋಡಿದೆ.

ನರ್ಸಬಾಯಿಗೆ ಮಾತ್ರ ನಗು ಬರಲಿಲ್ಲ. ಇದು ಕೂಸಿಗೆ ಅಂತ ಕೊಟ್ಟದ್ದು, ದೇವರಿಗಲ್ಲ ಅಂದ್ರು. ಗಟ್ಟಿ ಅತ್ತಿ ಆವಾಗ ಮೂಲ್ಯಾಗಿನ ಬುಟ್ಟಿ ತೋರಿಸಿದ್ರು. ಅದರ ತುಂಬ ಹಳೇ ಹರಕ ಅರಿವಿ, ಅಕ್ಕಪಕ್ಕದ ಮನಿಯವರನ್ನ ಕೇಳಿ ತಂದದ್ದು. ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕಿದ್ರ ದೃಷ್ಟಿ ಆಗ್ತೈತಿ, ಬಾಳಿ ಬದುಕಿದವರು ಹಾಕ್ಕೊಂಡು ಬಿಟ್ಟದ್ದನ್ನ ಹಾಕಬೇಕು ಅಂದ್ರು. "ಮೊದಲಿನ ಎರಡಕ್ಕೂ ಬೀಗರು ಹೊಸಾ ಅರಿವಿ ತಂದ್ರು. ನಾ ಬ್ಯಾಡನ್ನಲಿಲ್ಲ. ಏನಾತು ನಿಮಗ ಗೊತ್ತೈತಿ. ಈ ಸಲ ನಾ ತಪ್ಪ ಮಾಡೂದಿಲ್ರಿ."

ಬಾಗಲದ ಹಿಂದ ಸೊಸಿ ನಿಂತಿದ್ಲು, ಕುಂಚಿಗಿನ್ನ ನೋಡ್ಕೊಂತ. ನರ್ಸಬಾಯಿಗೆ ಬೈಯಾಕ ಬಂದಿತ್ತು, ಬೈಲಿಲ್ಲ. ವಾಪಸ್ ಬರೂ ಮುಂದ ಹಾದಿ ತುಂಬ, ಆ ಬುಟ್ಟಿ ಅರಿವ್ಯಾಗ ನಾ ನನ್ನ ಸೈಕಲ್ಲೂ ಒರಸೂದಿಲ್ಲ ಅಂತ ಮತ್ತ ಮತ್ತ ಅಂದ್ರು.

೫. ಹೊಸಾದನ್ನ ಹಳೇದು ಮಾಡೂದು

ಬೇಕಾದ್ದು ಹಳೇದು ಹೌದಲ್ಲೋ, ನಾವ ಹಳೇದು ಮಾಡೂಣು ಅಂತ ಅಧ್ಯಕ್ಷರು ಠರಾವು ಮಾಡಿದ್ರು. ಕುಂಚಿಗಿಗೋಳನ್ನ ಕಾಳಿ ಹೊಳಿಗೆ ಒಯ್ದು ಕಲ್ಲಿಗೆ ಬಡದ್ವಿ. ಚಹಾದ ನೀರಾಗ ಅದ್ದಿದ್ವಿ. ಬಿಸಲಿಗೆ ಹಾಕಿದ್ವಿ. ಎಂಟು ದಿನದಾಗ ನೋಡಿದವರಿಗೆ ಅಯ್ಯೋ ಅನಸೂ ಹಂಗ ಆದ್ವು. ಒಯ್ದು ಕೊಟ್ರ ಗಟ್ಟಿ ಅತ್ತಿ ಮೂಸಿ ನೋಡಿ ತಿರುಗಿ ಕೊಟ್ರು. ಬಡದ್ರ ಹಳೇದಾಗೂದಿಲ್ರಿ, ಯಾರರ ಹಾಕ್ಕೊಂಡಿರಬೇಕು, ಅವರ ಆಯುಷ್ಯ ಕೂಸಿಗೆ ಹತ್ತಬೇಕು ಅಂದ್ರು.

ಅಷ್ಟ ಹೌದಲ್ಲೋ ಅಂತ ನಾ ಮನಿಗೆ ಬಂದೆ. ನಮ್ಮ ಮನಿಯವ್ರು ಊಟ ಮಾಡಿ ಗ್ವಾಡಿಗೆ ಆತುಕೊಂಡು ಕೂತಿದ್ರು. ಬ್ಯಾಡ ಬ್ಯಾಡ ಅಂದ್ರೂ ಕೇಳದ ಟ್ರಂಕಿನಾಗಿನ ದೊಡ್ಡ ಕುಂಚಿಗಿ ತಗದು ತಲಿಗೆ ಹಾಕಿ ಲಾಡಿ ಕಟ್ಟಿದೆ. ಅದು ಅವರ ತಲಿಗೂ ಸ್ವಲ್ಪ ಬಿಗಿನ ಆತು, ಲಾಡಿ ಗಂಟು ಬಿಗದಬಿಡ್ತು. ಅದ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿತು. ಹೊತ್ತಾತು ಅಂತ ಗಡಿಬಿಡಿಲೆ ಚಪ್ಪಲಿ ಹಾಕ್ಕೊಂಡು ಹೊರಗ ಬಿದ್ರು. ಗಂಟು ಬಿಚ್ಚಾಕ ಮಿಲ್ಲಿನ ಗೇಟಿನ ತನಕ ಹಾದಿ ಸಾಲಲಿಲ್ಲಂತ. ಅವತ್ತಿನಿಂದ ಅವರ ಪಾಳಿ ಮಂದಿ ಎದುರಾದ್ರ, ಹಾಲು ಕುಡದು ಬಂದೀರೇನು ಅಂತ ಕೇಳತಿದ್ರು. ನಮ್ಮ ಮನಿಯವ್ರು ಮೂರು ದಿನ ನನ್ನ ಜೋಡಿ ಮಾತು ಬಿಟ್ಟಿದ್ರು.

ಇಷ್ಟೆಲ್ಲಾ ಮಾನ ಕಳಕೊಂಡ ಆ ಕುಂಚಿಗಿನ್ನ ನಾ ಅಭಿಮಾನಲೆ ಗಟ್ಟಿ ಅತ್ತಿ ಕಡೆ ಒಯ್ದೆ. ನಮ್ಮ ಮನಿಯವ್ರು ಹಾಕ್ಕೊಂಡಾರ್ರಿ, ಒಂದು ದಿನ ಜಡ್ಡು ಜಾಪತ್ರಿ ಅಂದವರಲ್ಲ ಅಂದೆ. ವಯಸ್ಸೆಷ್ಟು ಅಂತ ಕೇಳಿದ್ರು. ಮೂವತ್ನಾಕು ಅಂದೆ.

ಗಟ್ಟಿ ಅತ್ತಿ ಕುಂಚಿಗಿನ್ನ ಮಡಚಿ ನನ್ನ ಕೈಯಾಗ ಇಟ್ರು. "ಅವರದು ಇನ್ನೂ ಏನೂ ಹೇಳಾಕ ಬರೂದಿಲ್ಲಲ್ರಿ" ಅಂದ್ರು.

೬. ಮುತ್ಯಾ

ಆವಾಗ ನನಗ ನಮ್ಮ ಮುತ್ಯಾನ ನೆನಪಾತು. ನಮ್ಮ ಮನಿಯವ್ರ ಅಜ್ಜ, ಮಳಗಿ ಅನ್ನೂ ಊರಾಗ ಇರೂವಂವ. ತೊಂಬತ್ತು ದಾಟಿತ್ತು, ಎಷ್ಟು ದಾಟಿತ್ತು ಅಂತ ಹೇಳಾಕ ಅವನ ಓರಗಿಯವರು ಯಾರೂ ಉಳದಿದ್ದಿಲ್ಲ. ಹನ್ನೊಂದು ಮಕ್ಕಳು, ಹನ್ನೊಂದೂ ಗಟ್ಟಿಮುಟ್ಟ. ಬಾಯಾಗ ಇನ್ನೂ ಕಡಲಿ ಕಡಿಯಾಕ ಆಗೂವಷ್ಟು ಹಲ್ಲು. ಬಿದಿರು ಹೆಂಗ ಕಾಗದ ಆಗ್ತೈತಿ ನೋಡಬೇಕು ಅಂತ ಆ ಶ್ರಾವಣದಾಗ ನಮ್ಮ ಮನಿಗೆ ಬಂದಿದ್ದ. ನಾ ಹೋಗಿ ಕಾಲ ಹತ್ರ ಕೂತು ಎಲ್ಲಾ ಹೇಳಿದೆ. ನಗತಾನ ಅಂತ ಮಾಡಿದ್ದೆ. ಮುತ್ಯಾ ಡಬ್ಬಿ ತಗದು ಒಂದು ಚಿಟಿಕಿ ನಶೆಪುಡಿ ಮೂಗಿಗೆ ಏರಿಸಿದ.

"ನಡಿ ತಂಗಿ, ಹೋಗೂಣು. ಇಷ್ಟು ವರ್ಷ ಬದುಕಿ ಏನ ಮಾಡಿದಿ ಅಂತ ಯಾರರ ಕೇಳಿದ್ರ, ಹೇಳಾಕ ಒಂದು ಕೆಲಸ ಆತು" ಅಂದ.

ನಮ್ಮ ಹತ್ರ ಹೊಲದದ್ದು ನಲವತ್ತು ಗಂಟಿಗೆ ಆಗೂವಷ್ಟು ಕುಂಚಿಗಿ ಇದ್ವು. ಎಲ್ಲಾದನ್ನೂ ಕಟ್ಟಿಕೊಂಡೆ, ಗಂಟಿನ ಮ್ಯಾಲೆ ಟ್ರಂಕಿನಾಗಿನ ಏಳನ್ನೂ ಸೇರಿಸಿದೆ. ಮರುದಿನ ಮುಂಜಾನೆ ನಾನೂ, ಮುತ್ಯಾನೂ, ಅಧ್ಯಕ್ಷರೂ ಆ ಹಳ್ಳಿ ಮುಟ್ಟಿದ್ರ, ಬಾಗಲದಾಗ ನರ್ಸಬಾಯಿ ಸೈಕಲ್ ನಿಂತಿತ್ತು. ಸೊಸಿಗೆ ಬ್ಯಾನಿ ಸುರುವಾಗಿದ್ವು. ಗಟ್ಟಿ ಅತ್ತಿ ಆ ಹರಕ ಅರಿವಿ ಬುಟ್ಟಿ ಹಿಡಕೊಂಡು ನಡುಮನ್ಯಾಗ ಕೂತಿದ್ರು, ನರ್ಸಬಾಯಿ ಅದನ್ನ ಒಳಗ ಬಿಡಾಕ ತಯಾರಿಲ್ಲ.

ಮುತ್ಯಾನ್ನ ಹೊರಗ ಕಟ್ಟಿ ಮ್ಯಾಲೆ ಕಂಬಳಿ ಹಾಸಿ ಕುಂದರಿಸಿದ್ವಿ. ತಲಿಗೆ ಸುತ್ತಿದ್ದ ಪಟಗಾ ಬಿಚ್ಚಿಟ್ಟ. ನಾ ಒಂದು ಸಣ್ಣ ಕುಂಚಿಗಿ ಅವನ ಬೋಳ ತಲಿ ಮ್ಯಾಲೆ ಇಟ್ಟೆ. ಅದು ನೆತ್ತಿ ಮ್ಯಾಲೆ ಕೂತಿತು, ಕೆಳಗ ಇಳೀಲಿಲ್ಲ. ಗಟ್ಟಿ ಅತ್ತಿ ಬಾಗಲಕ ಬಂದು ನೋಡಿದ್ರು. ವಯಸ್ಸು ಆಗೇತಿ ಖರೆ, ಆದ್ರ ಇದು ಮುಟ್ಟಿದಂಗ ಆತು, ಹಾಕ್ಕೊಂಡಂಗ ಆಗಲಿಲ್ಲ ಅಂದ್ರು. ಆವಾಗ ಅಧ್ಯಕ್ಷರು, ತಮ್ಮ ಕಾರವಾರದ ಕಾಯಿ ಅಳತೀದೊಂದನ್ನ ತಾವ ಗಂಟಿನಾಗಿಂದ ತಗದು ಕೊಟ್ರು. ಅದು ಮುತ್ಯಾನ ಕಿವಿ ತನಕ ಇಳೀತು. ಬೆನ್ನ ಮ್ಯಾಲೆ ಸೆರಗು, ಬಿಳಿ ಮೀಸಿ ಕೆಳಗ ಲಾಡಿ. ಅರ್ಧಾ ಹಳ್ಳಿ ಬಂದು ನಿಂತಿತ್ತು. ಅಂವ ಎಷ್ಟು ಗಂಭೀರ ಕೂತಿದ್ದಂದ್ರ ಯಾರಿಗೂ ನಗಾಕ ಧೈರ್ಯ ಆಗಲಿಲ್ಲ. ಗಟ್ಟಿ ಅತ್ತಿ ತಲಿ ಆಡಿಸಿದ್ರು, ಹೂಂ, ಈಗ ಆತು ಅಂದ್ರು.

ಅಷ್ಟರಾಗ ಮುತ್ಯಾ ನಶೆ ಏರಿಸಿ ಒಂದು ಸೀನು ಸೀನಿದ. ಕುಂಚಿಗಿ ಎಲ್ಲಾ ನಶೆ, ಒಳಗ ತಲಿಗೆ ಹಚ್ಚಿದ್ದ ಔಡಲೆಣ್ಣಿ. ಒಳಗಿಂದ ಬಂದ ನರ್ಸಬಾಯಿ ಅದನ್ನ ನೋಡಿ ಹಣಿ ಹಣಿ ಬಡಕೊಂಡ್ರು. ಇದನ್ನ ಕುದಿಸದ ಕೂಸಿನ ಹತ್ರ ತರಾಕ ಬಿಡೂದಿಲ್ಲ ಅಂದ್ರು. ಕುದಿಸಿದ್ರ ಮುತ್ಯಾನ ಆಯುಷ್ಯ ಕುದ್ದು ಹೋಗ್ತೈತಿ ಅಂತ ಗಟ್ಟಿ ಅತ್ತಿ ಬಾಗಲಕ ಅಡ್ಡ ನಿಂತ್ರು. ಒಳಗ ಆ ಹುಡುಗಿ ನರಳತಿದ್ಲು. ಇಬ್ಬರ ಕಣ್ಣಾಗೂ ನೀರು, 'ಇದೊಂದರ ಉಳೀಬೇಕು' ಅನ್ನೂದು ಇಬ್ಬರ ಹಟಾನೂ ಒಂದ.

ಮುತ್ಯಾ ಗದ್ದದ ಕೆಳಗಿನ ಲಾಡಿ ಬಿಚ್ಚಿ, ಕುಂಚಿಗಿನ್ನ ತಾನ ನರ್ಸಬಾಯಿ ಕೈಯಾಗ ಕೊಟ್ಟ. ಆಮ್ಯಾಲೆ ಗಟ್ಟಿ ಅತ್ತಿಗೆ ಅಂದ:

"ಯವ್ವಾ, ಹುಟ್ಟಿದಾಗಿಂದ ದಿನಾ ಬೆಳಗಾದ್ರ ಸುಡುಸುಡು ನೀರು ಮೈಮ್ಯಾಲೆ ಹಾಕ್ಕೊಂತ ಬಂದೇನಿ. ನನ್ನ ಆಯುಷ್ಯ ಹೋಗಿಲ್ಲ. ಕುದಿಸು."

ಗಟ್ಟಿ ಅತ್ತಿ ಹಾದಿ ಬಿಟ್ರು. ಹೋಗಿ ತಾವ ಒಲಿ ಉರಿ ಜೋರು ಮಾಡಿದ್ರು. ಕುಂಚಿಗಿ, ಮುತ್ಯಾ ಹೆಗಲ ಮ್ಯಾಲೆ ಹಾಕ್ಕೊಂಡು ಕೊಟ್ಟ ಅಂಗಿ, ದುಪಟಿ, ಹೊಕ್ಕಳ ಕಟ್ಟೂ ದಾರ ಎಲ್ಲಾ ಒಂದ ಹಂಡೇದಾಗ ಕುದ್ವು. ಹೊರಗ ಮಳಿ, ಅದಕ್ಕ ಇದ್ದಲಿ ಶೆಗಡಿ ಮ್ಯಾಲೆ ಬುಟ್ಟಿ ಬೋರಲ ಹಾಕಿ ಒಣಗಿಸಿದ್ವಿ. ಆ ಹರಕ ಅರಿವಿ ಸುರುವಿ, ಅದ ಬುಟ್ಟಿನ ಬೋರಲ ಹಾಕಿದವರು ಗಟ್ಟಿ ಅತ್ತಿನ.

ಮುತ್ಯಾ ಮಾತ್ರ ಕಟ್ಟಿ ಬಿಟ್ಟು ಏಳಲಿಲ್ಲ. ಒಂದು ಕುಂಚಿಗಿ ತಗದ್ರ ಇನ್ನೊಂದು ಕೊಡು ಅಂತಿದ್ದ. ಸಣ್ಣದೂ ಹಾಕ್ಕೊಂಡ, ದೊಡ್ಡದೂ ಹಾಕ್ಕೊಂಡ. ಸಾಕು ಬಿಡು ಮುತ್ಯಾ, ಕುತ್ತಿಗಿ ನೋಯ್ತೈತಿ ಅಂದ್ರೂ ಕೇಳಲಿಲ್ಲ. ಒಳಗ ಕೂಸು ಅಳೂ ತನಕ ನಾ ನಿಲ್ಲಸೂದಿಲ್ಲ ಅಂದ. ಮೂವತ್ತೊಂದನೇದು ನೆತ್ತಿ ಮ್ಯಾಲೆ ಇದ್ದಾಗ ಒಳಗಿಂದ ಕೂಸಿನ ಅಳು ಬಂತು. ಜೋರ ಅಳು. ಮುತ್ಯಾ ಹಂಗ ಕುಂಚಿಗಿ ಹಾಕ್ಕೊಂಡ ಕೂತು, ಧೋತರದ ಚುಂಗಿಲೆ ಕಣ್ಣು ಒರಸಿಕೊಂಡ. ನಾನಂತೂ ನಾಚಿಕಿ ಬಿಟ್ಟು ಅತ್ತೆ.

ಹೆಣ್ಣು ಕೂಸು. ಗಟ್ಟಿ ಅತ್ತಿ ಹೊರಗ ತಂದು ತೋರಿಸಿದ್ರು. ಆ ದೊಡ್ಡ ಕುಂಚಿಗ್ಯಾಗ ತಲಿ ಅಷ್ಟ ಅಲ್ಲ, ಇಡೀ ಕೂಸ ಒಳಗಿತ್ತು, ಮೂಗು ಒಂದ ಹೊರಗ. ನರ್ಸಬಾಯಿ ನೋಡಿ, ಥಂಡಿಗೆ ಇಷ್ಟು ಚಲೋದು ನಾ ಎಲ್ಲೂ ನೋಡಿಲ್ಲ ಅಂದ್ರು. ಅಧ್ಯಕ್ಷರು, ನಾ ಅದಕ್ಕೇ ಸಿಪ್ಪಿ ಸುಲೀಲಿಲ್ಲ ಅಂದ್ರು.

ಆ ವಾರ ನಾ ಒಂದು ತುತ್ತು ನೆಟ್ಟಗ ಉಣಲಿಲ್ಲ. ಎಂಟನೇ ದಿನ ನಮ್ಮ ಸಾಲಿನ ಆ ತುದಿಯಿಂದ ಸೈಕಲ್ ಗಂಟಿ ಸಪ್ಪಳ ಬಂತು. ನರ್ಸಬಾಯಿ ನಮ್ಮ ಬಾಗಲದ ತನಕ ಗಂಟಿ ಬಿಡದ ಬಾರಿಸ್ಕೊಂತ ಬಂದ್ರು. ಕೂಸು ವಾರ ದಾಟಿತ್ತು.

ಮುಂದ ಹಳ್ಳ್ಯಾಗ ಎಲ್ಲೇ ಗಂಟು ಒಯ್ದ್ರೂ ಮೊದಲ ಮಾತು, ಮುತ್ಯಾ ಹಾಕ್ಕೊಂಡದ್ದು ಹೌದಲ್ರಿ, ಕುದಿಸೀರಲ್ರಿ ಅಂತ. ಮುತ್ಯಾ ಮಳಗಿಗೆ ಹೋಗೂದ ಎರಡು ತಿಂಗಳು ಮುಂದ ಬಿತ್ತು. ಇದೆಲ್ಲಾ ಹಳ್ಳಿ ಮಂದಿ ಖೂಳ ನಂಬಿಕಿ ಅಂತ ಅಧ್ಯಕ್ಷರು ಬಂಗೂರನಗರದಾಗ ಎಲ್ಲಾರಿಗೂ ಹೇಳಿಕೊಂತ ತಿರಗತಿದ್ರು. ಒಂದು ಮಧ್ಯಾಹ್ನ ಅದೇ ಅಧ್ಯಕ್ಷರು ಒಬ್ಬರೇ ನಮ್ಮ ಮನಿಗೆ ಬಂದು, ಆಚೆ ಈಚೆ ನೋಡಿ, ಸೆರಗಿನಾಗಿಂದ ಜರಿ ಅಂಚಿನ ಒಂದು ಕುಂಚಿಗಿ ತಗದ್ರು. ನನ್ನ ಮಗಳಿಗೆ ಏಳು ತಿಂಗಳು ತುಂಬೇತಿ, ಮುತ್ಯಾ ಎದ್ದಾರೇನು ಅಂತ ಪಿಸುಮಾತಿನಾಗ ಕೇಳಿದ್ರು.

೭. ಹೊಳ್ಳಿ ಬಂದದ್ದು

ಮರುವರ್ಷ ಶ್ರಾವಣದಾಗ ಮುತ್ಯಾ ಮಳಗಿಯಾಗ ಹಾಸಿಗಿ ಹಿಡದ. ಜ್ವರ, ಕೆಮ್ಮು. ಇನ್ನ ಆಗೂದಿಲ್ಲ ಅಂತ ಹೇಳಿ ಕಳಿಸಿದ್ರು. ನಾವು ಹೋಗಿ ಎರಡು ದಿನ ಆಗಿತ್ತು. ಹನ್ನೊಂದು ಮಕ್ಕಳೂ ಸುತ್ತ ಕೂತಿದ್ರು. ಆ ಮಳ್ಯಾಗ ಮುಂಡಗೋಡದ ಕಡೆಯಿಂದ ಬಂದ ಬಸ್ಸಿನಿಂದ ಗಟ್ಟಿ ಅತ್ತಿ ಇಳದು ಬಂದ್ರು. ಬಗಲಾಗ ಕೂಸು, ಗುಂಡಗ, ಎರಡು ಹಲ್ಲು ಬಂದಿದ್ವು. ಸುದ್ದಿ ಯಾರು ಮುಟ್ಟಿಸಿದ್ರೋ, ಎಷ್ಟು ಬಸ್ಸು ಬದಲಿ ಮಾಡಿದ್ರೋ, ಪಾಪ, ಸೀರಿ ಎಲ್ಲಾ ತೊಯ್ದಿತ್ತು.

ನೆಟ್ಟಗ ಮುತ್ಯಾನ ಹಾಸಿಗಿ ಹತ್ರ ಹೋಗಿ ಕೂತ್ರು. ಚೀಲದಾಗಿಂದ ಆ ದೊಡ್ಡ ಕುಂಚಿಗಿ ತಗದ್ರು. ಒಗದು ಒಗದು ಮೆತ್ತಗ ಆಗಿತ್ತು. ಈಗ ಅದು ಖರೇನ ಹಳೇದು.

"ನಮ್ಮ ಕೂಸು ವರ್ಷ ದಾಟೇತ್ರಿ ಮುತ್ಯಾ. ಈಗ ಅಕಿ ಹಾಕ್ಕೊಂಡು ಬಿಟ್ಟದ್ದನ್ನ ನೀವು ಹಾಕ್ಕೋರಿ" ಅಂದ್ರು.

ಮುತ್ಯಾ ಕಣ್ಣು ತಗದು ನೋಡಿದ. ಕುದಿಸಿ ತಂದೀ ಏನು ಅಂತ ಕೇಳಿದ. ಮೂರು ಸಲ ಕುದಿಸೇನ್ರಿ ಅಂದ್ರು ಗಟ್ಟಿ ಅತ್ತಿ. ಅಂವ ತಲಿ ಸ್ವಲ್ಪ ಎತ್ತಿದ, ಅವ್ರು ಕುಂಚಿಗಿ ಹಾಕಿ ಗದ್ದದ ಕೆಳಗ ಲಾಡಿ ಕಟ್ಟಿದ್ರು. ಮನ್ಯಾಗ ಯಾರಿಗೂ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮುತ್ಯಾ ಕೂಸನ್ನ ನೋಡಿದ. ಕೂಸು ಮುತ್ಯಾನ್ನ ನೋಡಿ, ತನ್ನ ಕುಂಚಿಗಿ ಗುರತ ಹಿಡದು, ಲಾಡಿ ಜಗ್ಗಾಕ ಹತ್ತಿತು.

"ಇಕಿಗೆ ಈಗ ಎಷ್ಟಾತು?" ಅಂದ ಮುತ್ಯಾ.

"ಒಂದು ವರ್ಷ, ಮ್ಯಾಲೆ ಹತ್ತು ದಿನ."

ಮುತ್ಯಾ ಅಕಿ ಮುಷ್ಟಿಯೊಳಗಿಂದ ಲಾಡಿ ಬಿಡಿಸಿಕೊಂಡ.

"ಒಂದು ವರ್ಷ ನನಗ ಸಾಕು. ಆ ಹತ್ತು ದಿನ ಅಕಿಗೇ ಇರಲಿ."

ಹಂಗ ಅಂದ ಮನಶ್ಯಾ ಮುಂದಿನ ವಾರ ಎದ್ದು ರೊಟ್ಟಿ ಬೇಡಿದ, ಆಮ್ಯಾಲೆ ನಾಕು ವರ್ಷ ಇದ್ದ. ಆ ಕುಂಚಿಗಿ ಮಾತ್ರ ಮತ್ತ ಯಾರಿಗೂ ಕೊಡಲಿಲ್ಲ, ಪಟಗಾದ ಒಳಗ ಇಟ್ಕೊಂಡ ಸುತ್ತತಿದ್ದ.